ಭಾನುವಾರದ ಚರ್ಚೆ: ಬ್ರಾಕ್ಸ್‌ಮೌತ್ ಕೋಟೆ

ಸದಸ್ಯರೆಲ್ಲರಿಗೂ ನಮಸ್ಕಾರ. ಜೂನ್ ತಿಂಗಳ ಕೊನೆಯ ಭಾನುವಾರ, ಭಾರತದಲ್ಲಿ ಸಂಜೆ 7.30ಕ್ಕೆ, ಅಂದರೆ ಬ್ರಿಟನ್ನಿನಲ್ಲಿರುವವರಿಗೆ ಮಧ್ಯಾಹ್ನ 3ಕ್ಕೆ, ಸ್ಕಾಟ್ಲೆಂಡಿನ ಡನ್‌ಬಾರ್ ಬಳಿಯಿದ್ದ ಬ್ರಾಕ್ಸ್‌ಮೌತ್ ಕೋಟೆಯ ಬಗ್ಗೆ ವಿಡಿಯೊ ಕರೆಯಲ್ಲಿ ಚರ್ಚಿಸಲಿದ್ದೇವೆ. ಉಳುಮೆಯಿಂದ ನೆಲಸಮವಾಗಿದ್ದ ಈ ಕಬ್ಬಿಣಯುಗದ ಕೋಟೆ ವೈಮಾನಿಕ ಚಿತ್ರಗಳಲ್ಲಿ ಪೈರಿನ ಗುರುತುಗಳಾಗಿ ಕಾಣಿಸಿಕೊಂಡಿತ್ತು. ಹೂತುಹೋದ ಕಂದಕದ ಮಣ್ಣು ತೇವವನ್ನು ಹಿಡಿದಿಡುವುದರಿಂದ, ಸುತ್ತಲಿನ ಪೈರು ಬಿಸಿಲಿಗೆ ಬಾಡಿದರೂ ಅದರ ಮೇಲಿನದು ಹಸಿರಾಗಿ, ಎತ್ತರವಾಗಿ ನಿಲ್ಲುತ್ತದೆ. ಸಿಮೆಂಟ್ ಕಾರ್ಖಾನೆಯ ಕಲ್ಲುಗಣಿಗೆ ಆ ಜಾಗ ಬಲಿಯಾಗುವ ಮುನ್ನ 1977–78ರಲ್ಲಿ ಅಲ್ಲಿ ಉತ್ಖನನ ನಡೆಯಿತು. ಆದ್ದರಿಂದಲೇ ಉಳಿದಿರುವ ದಾಖಲೆಗಳನ್ನು ಗಮನವಿಟ್ಟು ನೋಡುವುದು ಅಗತ್ಯವೆಂದು ನನ್ನ ಭಾವನೆ. ಚಿತ್ರಗಳನ್ನು ಬುಧವಾರ ಇಲ್ಲಿಯೇ ಹಾಕುತ್ತೇನೆ; ಕಂದಕದ ಸಾಲುಗಳನ್ನು ಗುರುತಿಸಿಕೊಂಡು ಬನ್ನಿ. ಭಾಗವಹಿಸುವವರು ದಯವಿಟ್ಟು ಶುಕ್ರವಾರದೊಳಗೆ ಹೆಸರು ತಿಳಿಸಬೇಕೆಂದು ವಿನಂತಿ.