ಎಷ್ಟು ಆಪರೇಷನ್ ಮಾಡೀರಿ ಸರ್?

ಮಾನ್ಯರೇ,

ಅಕ್ಕನ ತೂಕ ಇಳಿಸುವ ಆಪರೇಷನ್ ವಿಚಾರಿಸಲು ಕಲಬುರಗಿಯಲ್ಲಿ ಒಬ್ಬ ಸರ್ಜನ್ ಹತ್ತಿರ ಹೋಗಿದ್ದೆವು. ಖರ್ಚು, ಕಂತು ಎಲ್ಲ ಪಟಪಟ ಹೇಳಿದರು. ‘ಇಂಥವು ಎಷ್ಟು ಮಾಡೀರಿ ಸರ್?’ ಅಂದಾಗ ಮಾತ್ರ ಪೆನ್ನಿನ ಮುಚ್ಚಳ ಹಾಕಿ, ‘ನಂಬಿಕಿ ಇಲ್ಲೇನ್ರಿ?’ ಎಂದರು.

ಸುಮ್ನೆ ಕೇಳಿದ್ದಲ್ಲ. ಅಮೆರಿಕದ ಮಿಷಿಗನ್‌ನಲ್ಲಿ 20 ಸರ್ಜನ್‌ಗಳು ತೂಕ ಇಳಿಸುವ ಜಠರದ ಬೈಪಾಸ್ ಆಪರೇಷನ್ ಮಾಡುವ ವಿಡಿಯೊಗಳಿಗೆ, ಹೆಸರು ಮರೆಮಾಡಿ, ಬೇರೆ ಸರ್ಜನ್‌ಗಳಿಂದ ಕೈಚಳಕದ ಅಂಕ ಹಾಕಿಸಿದ್ದರು. 2013ರಲ್ಲಿ ಫಲಿತಾಂಶ ಬಂತು. ಅಂಕದಲ್ಲಿ ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ಶೇ 14.5 ಮಂದಿಗೆ ತೊಡಕಾಗಿತ್ತು. ಮೇಲಿನ ಕಾಲು ಭಾಗದವರಲ್ಲಿ ಶೇ 5.2. ಸಾವೂ ಕೆಳಗಿನವರಲ್ಲೇ ಜಾಸ್ತಿ. ಅಂದಮೇಲೆ ಕೇಳಬೇಕಲ್ವಾ?

ಆಸ್ಪತ್ರೆಗಳು ದರಪಟ್ಟಿಯ ಪಕ್ಕದಲ್ಲೇ ಪ್ರತಿ ಸರ್ಜನ್ ಮಾಡಿದ ಆಪರೇಷನ್, ಆದ ತೊಡಕುಗಳ ಲೆಕ್ಕವನ್ನೂ ಹಾಕಲಿ. ಅಕ್ಕ ಇನ್ನೂ ಮಾಡಿಸಿಕೊಂಡಿಲ್ಲ.

– ಒಬ್ಬ ಓದುಗ, ಕಲಬುರಗಿ