ನೋವು ನಿಂತ ಹಲ್ಲು

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾವಿಲ್ಲಿ ಚೆನ್ನಾಗಿದ್ದೇವೆ. ಈ ಕಾಗದ ಅಪ್ಪನ ಹಲ್ಲಿನ ವಿಷಯಕ್ಕೇ. ಫೋನಿನಲ್ಲಿ ಎತ್ತಿದರೆ "ಈಗ ನೋವಿಲ್ಲ ಬಿಡಮ್ಮ" ಎಂದು ಮಾತು ಮುಗಿಸಿಬಿಡುತ್ತೀರಿ.

ಅಪ್ಪ, ನನಗೆ ಹೆದರಿಕೆ ಆಗಿರುವುದೇ ನೋವು ನಿಂತಿದ್ದಕ್ಕೆ. ಮೊದಲು ತಣ್ಣೀರು ತಾಕಿದರೆ ಜುಮ್ ಅನ್ನುತ್ತಿತ್ತು. ಆಮೇಲೆ ರಾತ್ರಿಯೆಲ್ಲ ಸಿಡಿತ. ಈಗ ಸುಮ್ನಾಗಿದೆ, ಅಲ್ವಾ? ಹುಳುಕು ಹಲ್ಲಿನ ತೂತು ತಾನಾಗಿ ಮುಚ್ಚಿಕೊಳ್ಳುವುದಿಲ್ಲ. ಬಾಯಿಯ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತವೆ. ಅದು ಹಲ್ಲನ್ನು ಕರಗಿಸುತ್ತಾ ಹೋಗಿ ಸೋಂಕು ನರದವರೆಗೆ ಮುಟ್ಟುತ್ತದೆ. ನರ ಜೀವಂತ ಇರುವವರೆಗೆ ನೋವು. ಸತ್ತರೆ ನೋವು ನಿಲ್ಲಬಹುದು. ಆದರೆ ಸೋಂಕು ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿದು ಕೀವು ಕಟ್ಟಬಹುದು. ಒಸಡಿನ ಮೇಲೆ ಗುಳ್ಳೆ ಎದ್ದು ಒಡೆದು, ಬಾಯೆಲ್ಲ ಕೆಟ್ಟ ರುಚಿ ಆಯಿತು ಎಂದು ಅಮ್ಮ ಹೇಳಿದಳಲ್ಲ, ಅದು ಆ ಕೀವೇ ಹೊರಗೆ ಬಂದ ದಾರಿ ಇರಬಹುದು. ಒಡೆದಾಗ ಹಾಯೆನಿಸುತ್ತದೆ, ಅಷ್ಟೇ.

ನಿಮಗೆ ಶುಗರ್ ಬೇರೆ ಇದೆ. ಸೋಂಕು ಇದ್ದರೆ ಶುಗರ್ ಏರುತ್ತದೆ, ಶುಗರ್ ಏರಿದರೆ ಸೋಂಕು ಬಗ್ಗುವುದಿಲ್ಲ. ಮಾತ್ರೆ ತಪ್ಪಿಸದಿದ್ದರೂ ಹತೋಟಿಗೆ ಬರುತ್ತಿಲ್ಲ ಎಂದಿರಿ. ಶುಗರ್ ನೋಡುವ ಡಾಕ್ಟರಿಗೂ ಈ ಹಲ್ಲಿನ ವಿಷಯ ಹೇಳಿ.

ಅತ್ತೆಗೂ ಇದನ್ನು ಓದಿ ಹೇಳಿ. ಅವರಿಗೆ ಕೃತಕ ಹೃದಯ ಕವಾಟ ಹಾಕಿದ್ದಾರೆ. ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಕವಾಟಕ್ಕೆ ಅಂಟಿಕೊಂಡರೆ ಎಂಡೋಕಾರ್ಡೈಟಿಸ್, ಅಂದರೆ ಹೃದಯದ ಒಳಪದರದ ಸೋಂಕು ಆಗುತ್ತದೆ, ಜೀವಕ್ಕೇ ಅಪಾಯ. ಹಲ್ಲು ಕೀಳಿಸುವ ಮುಂಚೆ ಕವಾಟದ ವಿಷಯ ಡಾಕ್ಟರಿಗೆ ಹೇಳಲೇಬೇಕು. ಮೊದಲೇ ಆಂಟಿಬಯಾಟಿಕ್ ಕೊಡುತ್ತಾರೆ. ಹುಳುಕು ಹಲ್ಲಿದ್ದವರಿಗೆಲ್ಲ ಹಾರ್ಟ್ ಅಟ್ಯಾಕ್ ಆಗುತ್ತದೆ ಎಂದು ವಾಟ್ಸಾಪ್‌ನಲ್ಲಿ ಬಂದರೆ ಮಾತ್ರ ನಂಬಬೇಡಿ. ಬಾಯಿಯ ಕಾಯಿಲೆಗೂ ಹೃದಯದ ಕಾಯಿಲೆಗೂ ನಂಟು ಕಂಡಿದ್ದಾರೆ, ಇದರಿಂದಲೇ ಅದು ಎಂದು ಸಾಬೀತಾಗಿಲ್ಲ.

ಅಮ್ಮ, ಇದನ್ನು ನೀನು ನೆನಪಿಟ್ಟುಕೋ. ಗದ್ದದ ಕೆಳಗೆ ಊತ ಬಂದರೆ, ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು, ಉಸಿರಾಡಲು ಕಷ್ಟವಾದರೆ ಬೆಳಗಾಗಲಿ ಎಂದು ಕಾಯಬೇಡ. ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗು. ಕೆಳದವಡೆ ಹಲ್ಲಿನ ಸೋಂಕು ಕುತ್ತಿಗೆಗೆ ಹರಡಿ ಉಸಿರಿನ ದಾರಿಯನ್ನೇ ಮುಚ್ಚಬಹುದು. ಲುಡ್ವಿಗ್ ಎಂಬ ಜರ್ಮನ್ ವೈದ್ಯ 1836ರಲ್ಲೇ ಇದನ್ನು ವಿವರಿಸಿದ್ದ. ಅಪರೂಪ ನಿಜ, ಆದರೆ ಬಂದರೆ ಗಂಟೆಗಳಲ್ಲೇ ಕೈಮೀರುತ್ತದೆ.

ಮೆಡಿಕಲ್ ಶಾಪಿನ ಮಾತ್ರೆ ನುಂಗಿ ದಿನ ದೂಡಬೇಡಿ ಅಪ್ಪ. ನರ ಸತ್ತ ಹಲ್ಲಿನೊಳಗೆ ರಕ್ತ ಓಡುವುದಿಲ್ಲ, ಹಾಗಾಗಿ ಔಷಧಿ ಅಲ್ಲಿಗೆ ಮುಟ್ಟುವುದೇ ಇಲ್ಲ. ರೂಟ್ ಕೆನಾಲ್ ಮಾಡಿಸಬೇಕು, ಇಲ್ಲಾ ಕೀಳಿಸಬೇಕು. ಮರಗಟ್ಟುವ ಇಂಜೆಕ್ಷನ್ ಕೊಟ್ಟೇ ಮಾಡುತ್ತಾರೆ, ಹೆದರಬೇಡಿ. ಈ ವಾರವೇ ಹೋಗಿ ಎಕ್ಸ್‌ರೇ ತೆಗೆಸಿ. ಡಾಕ್ಟರು ಏನೆಂದರು ಅಂತ ಅಮ್ಮನ ಕೈಲಿ ಫೋನ್ ಮಾಡಿಸಿ.

ನಿಮ್ಮ ಪ್ರೀತಿಯ ಮಗಳು