‘ಬೆಟರ್’ ಪದದ ಬಗ್ಗೆ ಕಾವ್ಯಳಿಗೆ

ಚಿ. ಕಾವ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನೀನು ಮ್ಯಾನೇಜರ್‌ಗೆ ಕಳಿಸಬೇಕೆಂದಿರುವ ಮೇಲ್ ಓದಿದೆ. ವಿಷಯವನ್ನು ಚೆನ್ನಾಗಿ ಹೇಳಿದ್ದೀಯ. ಆದರೆ ‘ಬೆಟರ್’ ಎರಡು ಕಡೆ ಬಂದಿದೆ, ಎರಡನ್ನೂ ತಿದ್ದಬೇಕು. ಸುಮ್ನೆ ತಿದ್ದಿ ಕಳಿಸಿದರೆ ಮುಂದಿನ ಸಲ ಮತ್ತೆ ಅದೇ ಆಗುತ್ತದೆ, ಅದಕ್ಕೇ ಕಾರಣವನ್ನೂ ಬರೆಯುತ್ತಿದ್ದೇನೆ.

ಮೊದಲನೆಯದು ‘ಮೋರ್ ಬೆಟರ್’. ಕನ್ನಡದಲ್ಲಿ ಹೋಲಿಸುವಾಗ ಗುಣ ಹೇಳುವ ಪದ ಬದಲಾಗುವುದಿಲ್ಲ. ‘ಅದಕ್ಕಿಂತ ಇದು ಒಳ್ಳೆಯದು’ ಅನ್ನುತ್ತೇವೆ. ಒತ್ತಿ ಹೇಳಬೇಕಾದರೆ ‘ಇನ್ನೂ ಒಳ್ಳೆಯದು’. ಅದೇ ರೂಢಿಯಲ್ಲಿ ಇಂಗ್ಲಿಷಿಗೂ ‘ಮೋರ್’ ಬಂದು ಸೇರಿಕೊಳ್ಳುತ್ತದೆ. ಆದರೆ ‘ಬೆಟರ್’ ಅನ್ನುವುದರಲ್ಲೇ ‘ಹೆಚ್ಚು’ ಇದೆ, ಕೊನೆಯ ‘ಅರ್’ ಅದೇ ತಾನೆ? ‘ಟಾಲ್’ ಇದ್ದದ್ದು ‘ಟಾಲರ್’ ಆಯಿತು. ‘ಗುಡ್’ ಮಾತ್ರ ಹಾಗೆ ಬೆಳೆಯಲಿಲ್ಲ, ಅದರ ಜಾಗಕ್ಕೆ ಬೇರೊಂದು ಮೂಲದ ಪದ ಬಂತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೇ ಅದು ‘ಬೆಟೆರ’ ಅಂತ ಇತ್ತು. ಜರ್ಮನ್ನಿನ ‘ಬೆಸ್ಸರ್’, ಡಚ್ಚಿನ ‘ಬೇಟರ್’ ಇದರ ಒಡಹುಟ್ಟುಗಳು. ಲಾಭ, ಪರಿಹಾರ ಅನ್ನುವ ಅರ್ಥದ ಹಳೆಯ ‘ಬೂಟ್’ ಕೂಡ ಇದೇ ಬಳಗದ್ದು. ‘ಅದರ ಜೊತೆಗೆ’ ಅನ್ನುವ ಅರ್ಥದ ‘ಟು ಬೂಟ್’ ಅನ್ನುವ ಮಾತಿನಲ್ಲಿ ಅದು ಈಗಲೂ ಉಳಿದಿದೆ. ಕಾಲಿಗೆ ಹಾಕುವ ಬೂಟು ಬೇರೆ.

ಷೇಕ್ಸ್‌ಪಿಯರ್ ‘ದಿ ಟೆಂಪೆಸ್ಟ್’ನಲ್ಲಿ ‘ಮೋರ್ ಬೆಟರ್’ ಬರೆದಿದ್ದಾನೆ, ನಿಜ. ಅವನ ಕಾಲಕ್ಕೆ ಅದು ನಡೆಯುತ್ತಿತ್ತು. ನಿನ್ನ ಆಫೀಸಿನಲ್ಲಿ ನಡೆಯುವುದಿಲ್ಲ. ‘ಮಚ್ ಬೆಟರ್’ ಅಂತ ಬರೆ.

ಹಿಂದಿಯ ‘ಬೆಹ್ತರ್’ ಕೂಡ ಇದೇನಾ ಅಂತ ಕೇಳಿದ್ದೆ ಅಲ್ವಾ? ಅಲ್ಲ. ಅದು ಪರ್ಷಿಯನ್ನಿನಿಂದ ಬಂದದ್ದು. ‘ಬೆಹ್’ ಅಂದರೆ ಒಳ್ಳೆಯದು. ‘ತರ್’ ನಮ್ಮ ‘ಗುರುತರ’, ‘ಉಚ್ಚತರ’ಗಳಲ್ಲಿರುವ ‘ತರ’ದ ನೆಂಟ. ಸದ್ದು ಹೊಂದಿಕೊಂಡದ್ದು ಆಕಸ್ಮಿಕ ಅಷ್ಟೆ, ಆದರೂ ಎಷ್ಟು ಚೆಂದ ಹೊಂದಿಕೊಂಡಿದೆ ನೋಡು!

ಎರಡನೆಯದು ಇದಕ್ಕಿಂತ ಮುಖ್ಯ. ‘ಯು ಹ್ಯಾಡ್ ಬೆಟರ್ ರಿಪ್ಲೈ ಬೈ ಫ್ರೈಡೇ’ ಅಂತ ಬರೆದಿದ್ದೀಯ. ನಿನ್ನ ಮನಸ್ಸಿನಲ್ಲಿ ಇರುವುದು ‘ಉತ್ತರ ಕೊಟ್ಟರೆ ಒಳ್ಳೆಯದು’ ಅನ್ನುವ ವಿನಯ. ಅವರಿಗೆ ಕೇಳಿಸುವುದು ‘ಕೊಡದಿದ್ದರೆ ನೋಡ್ಕೋ’ ಅಂತ. ಅದು ಎಚ್ಚರಿಕೆ ಕೊಡುವ ಮಾತು. ಅಮ್ಮ ಮಗುವಿಗೆ ಹೇಳಬಹುದು, ಡಾಕ್ಟರು ಕಾಯಿಲೆಯವರಿಗೆ ಹೇಳಬಹುದು. ಮೇಲಿನವರಿಗೆ ಬರೆಯುವಾಗ ‘ಕುಡ್ ಯು ಪ್ಲೀಸ್’ ಅಂತ ಶುರು ಮಾಡು.

ಅಂದ ಹಾಗೆ, ಜ್ವರದ ರಜೆಯಲ್ಲಿರುವಾಗ ‘ಐ ಆಮ್ ಬೆಟರ್’ ಅಂತ ಬರೆದರೆ ಪೂರ್ತಿ ಗುಣವಾಯಿತು ಅಂತಲೂ ತಿಳಿಯುತ್ತಾರೆ. ಇನ್ನೂ ಸುಸ್ತಿದ್ದರೆ ‘ಎ ಬಿಟ್ ಬೆಟರ್’ ಅಂತ ಹಾಕು.

ಈ ಎರಡು ತಿದ್ದಿ ಇವತ್ತೇ ಮೇಲ್ ಕಳಿಸಿಬಿಡು. ಉಳಿದದ್ದನ್ನು ಮುಟ್ಟಬೇಡ, ಸರಿಯಾಗಿದೆ.

ಇಂತಿ,
ನಿನ್ನ ದೊಡ್ಡಪ್ಪ